ಅಧ್ಯಕ್ಷರು ಕೇಳಿದ ಅಮೆರಿಕ

ಸಿಟ್ಟು ಇಳಿದ ಮೇಲೆ ಬರೆಯಬೇಕು ಅನ್ನುತ್ತಾರೆ. ನನ್ನದು ಇನ್ನೂ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ಇಲ್ಲ.

ಸ್ವೀಡನ್ನಿನ ಸೋಲ್ನಾ ಊರಿನ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ನಾಲ್ಕು ವರ್ಷ, ಶನಿವಾರ ಬಂದರೆ ಸಾಕು, ನಮ್ಮ ಕನ್ನಡ ಸಂಘದ ಮಕ್ಕಳಿಗೆ ಅಕ್ಷರ ಕಲಿಸಿದೆ. ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರಿಸುತ್ತಿದ್ದ ಮಕ್ಕಳು ಕೊನೆಕೊನೆಗೆ ಊರಿನ ಅಜ್ಜಿಗೆ ಫೋನಿನಲ್ಲಿ ಕತೆ ಓದಿ ಹೇಳುತ್ತಿದ್ದರು. ನನಗೆ ಮಕ್ಕಳಿಲ್ಲ. ವಾರವಿಡೀ ಯೂನಿವರ್ಸಿಟಿಯಲ್ಲಿ ಅಮೆರಿಕದ ಸರ್ಕಾರದ ಬಗ್ಗೆ ಪಾಠ ಮಾಡುವ ನನಗೆ ಆ ಶನಿವಾರವೇ ಜೀವವಾಗಿತ್ತು.

ಹೋದ ವರ್ಷ ಸಂಘಕ್ಕೆ ಹೊಸ ಅಧ್ಯಕ್ಷರು ಬಂದರು, ಐಟಿ ಕಂಪನಿಯ ಮ್ಯಾನೇಜರ್. ಒಂದು ದಿನ ಫಿಕಾ ಹೊತ್ತಿನಲ್ಲಿ, ಅಂದರೆ ಇಲ್ಲಿಯವರ ಕಾಫಿ-ತಿಂಡಿಯ ಬಿಡುವಿನಲ್ಲಿ, ಬಾಯಲ್ಲಿ ಬನ್ ಇಟ್ಟುಕೊಂಡೇ ಹೇಳಿದರು: “ಮೇಡಂ, ನಿಮಗೆ ರಿಸರ್ಚು ಅದು ಇದು ಅಂತ ಟೈಮ್ ಇರಲ್ಲ. ಮುಂದಿನ ವಾರದಿಂದ ಕ್ಲಾಸ್ ನಮ್ ಮನೆಯವ್ರು ತಗೋತಾರೆ. ನೀವು ಆರಾಮಾಗಿರಿ.” ಮಕ್ಕಳ ಎದುರೇ! ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ಸಮಿತಿಯವರು ತಂತಮ್ಮ ಕಾಫಿ ನೋಡುತ್ತ ಕುಳಿತರು. ನಾನು ಮನೆಗೆ ಬಂದು ಅತ್ತುಬಿಟ್ಟೆ, ಆಮೇಲೆ ಹಲ್ಲು ಕಚ್ಚಿಕೊಂಡು ಕಾದೆ.

ಅವಕಾಶವನ್ನು ಅವರೇ ತಂದುಕೊಟ್ಟರು. ಸಂಘಕ್ಕೆ ಹೊಸ ನಿಯಮಾವಳಿ ಬೇಕಾಗಿತ್ತು.

“ನಿಮ್ ಸಬ್ಜೆಕ್ಟೇ ಅಲ್ವಾ ಮೇಡಂ? ಅಮೆರಿಕನ್ ಪ್ರೆಸಿಡೆಂಟ್ ಥರ ಇರ್ಲಿ, ಸ್ಟ್ರಾಂಗಾಗಿ. ಇಲ್ಲಿಯೋರ ಥರ ಎಲ್ಲದಕ್ಕೂ ಮೀಟಿಂಗ್ ಬೇಡ.”

“ಖಂಡಿತ ಸರ್. ಥೇಟ್ ಅಮೆರಿಕ ಥರಾನೇ ಬರೀತೀನಿ,” ಅಂದೆ.

ಪಾಪ, ವಿಮಾನದಿಂದ ಕೈಬೀಸುತ್ತ ಇಳಿಯುವ ಅಧ್ಯಕ್ಷನನ್ನು ಟಿವಿಯಲ್ಲಿ ನೋಡಿದ್ದರು, ಅಷ್ಟೇ. ಅಮೆರಿಕದ ಸಂವಿಧಾನ ಬರೆದವರು ಒಬ್ಬ ರಾಜನ ಕೈಯಿಂದ ಆಗಷ್ಟೇ ಬಿಡಿಸಿಕೊಂಡು ಬಂದವರು. ಫಿಲಡೆಲ್ಫಿಯಾದ ಬೇಸಿಗೆಯ ಸೆಕೆಯಲ್ಲಿ ಕಿಟಕಿ ಬಾಗಿಲು ಮುಚ್ಚಿಕೊಂಡು ವಾದಿಸಿದರು. ಬಲವಾದ ಸರ್ಕಾರವೇನೋ ಬೇಕಿತ್ತು, ಆದರೆ ಇನ್ನೊಬ್ಬ ರಾಜ ಬೇಡವಾಗಿದ್ದ. ಅದಕ್ಕೇ ಕಾನೂನು ಮಾಡುವುದನ್ನು ಕಾಂಗ್ರೆಸ್ಸಿಗೆ, ಜಾರಿ ಮಾಡುವುದನ್ನು ಅಧ್ಯಕ್ಷನಿಗೆ, ತೀರ್ಪು ಕೊಡುವುದನ್ನು ಕೋರ್ಟಿಗೆ ಹಂಚಿ, ಒಬ್ಬರ ಜುಟ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟರು. ಅಧ್ಯಕ್ಷ ಮಸೂದೆಯನ್ನು ತಡೆಯಬಹುದು, ಆದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮಂದಿ ಪಟ್ಟು ಹಿಡಿದರೆ ಅವನ ತಡೆ ನಡೆಯದು. ದೊಡ್ಡ ಹುದ್ದೆಗಳಿಗೆ ತನಗೆ ಬೇಕಾದವರನ್ನು ಹೆಸರಿಸಬಹುದು, ಆದರೆ ಸೆನೆಟ್ ಒಪ್ಪಬೇಕು.

ನಾನೂ ಹಾಗೆಯೇ ಬರೆದೆ, ಸೆನೆಟ್ಟಿನ ಜಾಗದಲ್ಲಿ ಸಮಿತಿಯನ್ನು ಕೂರಿಸಿ. ಒಂದೊಂದು ಸಾಲನ್ನೂ ಚಪ್ಪರಿಸಿಕೊಂಡು ಬರೆದೆ, ಸುಳ್ಳೇಕೆ ಹೇಳಲಿ. ಅಧ್ಯಕ್ಷರು “ಕಾರ್ಯಾಂಗದ ಅಧಿಕಾರವೆಲ್ಲ ಅಧ್ಯಕ್ಷರದು” ಎಂಬ ಸಾಲಿನವರೆಗೆ ಓದಿ ಹಿಗ್ಗಿದರು. ವಾರ್ಷಿಕ ಸಭೆಯಲ್ಲಿ ತಾವೇ ಮಂಡಿಸಿದರು. ಎಲ್ಲರೂ ಕೈ ಎತ್ತಿದರು.

ಮುಂದಿನ ವಿಷಯ ಕನ್ನಡ ಕ್ಲಾಸಿನ ಶಿಕ್ಷಕರ ನೇಮಕ. ಅವರು ಹೆಂಡತಿಯ ಹೆಸರು ಹೇಳಿ ಪುಟ ತಿರುವಿದರು.

“ಸಮಿತಿ ಒಪ್ಪಬೇಕಲ್ವಾ ಸರ್? ಈಗಷ್ಟೇ ಪಾಸಾಯ್ತು,” ಅಂದೆ.

ಬಾಯಿಬಿಟ್ಟು ಹೇಳಲಾರದವರಿಗೆ, ನಿಯಮದಲ್ಲಿ ನಾನೇ ಸೇರಿಸಿದ್ದ ಗುಪ್ತ ಮತದಾನ ಧೈರ್ಯ ಕೊಟ್ಟಿತು. ಆ ಹೆಸರು ಬಿದ್ದುಹೋಯಿತು. ಬೇರೆ ಹೆಸರು ಹೇಳಿ ಎಂದು ಸಮಿತಿ ಕೇಳಿತು. ಕಲಿಸಲು ಬರುವವರು ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹೆಸರಿಸುವ ಅಧಿಕಾರ ಅಧ್ಯಕ್ಷರದೇ ಆದ್ದರಿಂದ, ನನ್ನ ಹೆಸರನ್ನು ಅವರೇ ತಮ್ಮ ಬಾಯಿಂದ ಹೇಳಬೇಕಾಯಿತು. ಕಿವಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿಸಿದೆ.

ಸಭೆ ಮುಗಿದ ಮೇಲೆ ಕೋಟು ತೂಗುಹಾಕುವ ಕಡೆ ಹಿಂದೆಯೇ ಬಂದರು.

“ನನ್ ಕೈಲಿ ಏನ್ ಉಳಿಸಿದೀರಾ ಮೇಡಂ?”

“ಕ್ಷಮಾದಾನ ಇದೆ ಸರ್. ಅಮೆರಿಕದಲ್ಲೂ ಅಷ್ಟೇ, ತಪ್ಪು ಮಾಡಿದೋರನ್ನ ಕ್ಷಮಿಸೋ ಅಧಿಕಾರ ಅಧ್ಯಕ್ಷರಿಗಿದೆ.”

ಅವರ ಮುಖ ಸಣ್ಣದಾಯಿತು. “ಅವತ್ತು ಮಕ್ಕಳ ಮುಂದೆ ಹಾಗೆ ಹೇಳಬಾರದಿತ್ತು. ತಪ್ಪಾಯ್ತು. ಕ್ಷಮಿಸ್ಬಿಡಿ.”

“ಅಧ್ಯಕ್ಷರು ನೀವು,” ಅಂದೆ. “ನನಗೆ ಆ ಅಧಿಕಾರ ಇಲ್ಲ.”