ಡಾಕ್ಟರ ಮನೆಯ ಇಂಗ್ಲಿಷ್ ಪ್ಲೇಟುಗಳು

ಹೋದ ವಾರ ಹುಣಸೂರಿನ ನಮ್ಮ ಮನೆಯ ಕಿಟಕಿ ಬಾಗಿಲುಗಳಿಗೆ ಬಣ್ಣ ಹೊಡೆಸುತ್ತಿದ್ದೆ. ಪೇಂಟರು ಬ್ರಷ್ಷು ತೊಳೆಯಲು ತಾರ್ಪಿನ್ ಎಣ್ಣೆಯ ಡಬ್ಬಿ ತೆರೆದ. ವಾಸನೆ ಮೂಗಿಗೆ ಬಡಿದದ್ದೇ ತಡ, ಹಂಪಾಪುರದ ದನದ ಡಾಕ್ಟರು ನೆನಪಾದರು. ಹುಳ ಬಿದ್ದ ಗಾಯಕ್ಕೆ ತಾರ್ಪಿನ್ ಹಾಕಿ ಬಂದ ಕೈಯನ್ನು ಎಷ್ಟು ಸಲ ಸೋಪು ಹಚ್ಚಿ ತೊಳೆದರೂ ಆ ವಾಸನೆ ಅವರ ಬೆರಳು ಬಿಡುತ್ತಿರಲಿಲ್ಲ. ಅದೇ ಬೆರಳುಗಳಲ್ಲಿ ರೆಕಾರ್ಡ್ ಪ್ಲೇಯರಿನ ಮುಳ್ಳೆತ್ತಿ, ಉಸಿರು ಬಿಗಿಹಿಡಿದು, ತಿರುಗುತ್ತಿರುವ ಕಪ್ಪು ಪ್ಲೇಟಿನ ಅಂಚಿಗೆ ಮೆಲ್ಲಗೆ ಇಳಿಸುತ್ತಿದ್ದರು...

ನಾನು ಅವರನ್ನು ಮೊದಲು ನೋಡಿದ್ದು ನಮ್ಮ ಕೊಟ್ಟಿಗೆಯಲ್ಲಿ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಹಂಪಾಪುರದ ಹತ್ತಿರದ ಹಳ್ಳಿ ನಮ್ಮದು. ಹಸು ಈಯಲಾರದೆ ಬೆಳಗಿನಿಂದ ಒದ್ದಾಡುತ್ತಿತ್ತು. ಡಾಕ್ಟರು ಬಂದು, ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿ, ಭುಜದವರೆಗೂ ಕೈ ಒಳಗೆ ಹಾಕಿ ಕರುವಿನ ಕಾಲು ಹುಡುಕುತ್ತಾ ಏನನ್ನೋ ಗುನುಗುತ್ತಿದ್ದರು. ನನ್ನವ್ವ ಕೈಮುಗಿದುಕೊಂಡೇ ಕೇಳಿದಳು, “ಅದ್ಯಾವ್ ಮಂತ್ರ ಸಾ?”

“ಮಂತ್ರ ಅಲ್ಲ ಕಣವ್ವ, ಪದ. ಇಂಗ್ಲಿಷ್ ಹಾಡು” ಎಂದರು. ಸ್ವಲ್ಪ ಹೊತ್ತಿಗೆ ಕರು ನೆಲಕ್ಕೆ ಬಿತ್ತು. ಹೆಣ್ಣು ಕರು. ಅವರು ಕೈ ತೊಳೆಯುತ್ತಿದ್ದಾಗ ನಾನು ಒಳಗೆ ಹೋಗಿ ನನ್ನ ಕೀಬೋರ್ಡಿನ ಮೇಲೆ ಆ ಗುನುಗನ್ನು ಬೆರಳಿಗೆ ಬಂದಷ್ಟು ನುಡಿಸಿದೆ. ಡಾಕ್ಟರು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. “ಎರಡನೇ ಸಾಲು ತಪ್ಪು. ಭಾನುವಾರ ಮನೆಗೆ ಬಾ” ಎಂದು ಹೇಳಿ ಬೈಕು ಹತ್ತಿ ಹೋದರು.

ಆಗ ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದ್ದೆವು. ನಾನು ಕೀಬೋರ್ಡು, ಮಾದೇಶ ಗಾಯಕ, ಇನ್ನಿಬ್ಬರು ಡ್ರಮ್ಮು ಮತ್ತು ಗಿಟಾರು. ಕೋಟೆ, ಹುಣಸೂರು, ಪಿರಿಯಾಪಟ್ಟಣ ಅಂತ ಮದುವೆ, ಗಣಪತಿ, ರಾಜ್ಯೋತ್ಸವ ಯಾವುದು ಸಿಕ್ಕರೂ ಬಿಡುತ್ತಿರಲಿಲ್ಲ. ಆ ಭಾನುವಾರ ನಾಲ್ವರೂ ಡಾಕ್ಟರ ಮನೆಗೆ ಹೋದೆವು. ಆಮೇಲೆ ಎರಡು ವರ್ಷ, ಕಾರ್ಯಕ್ರಮವಿಲ್ಲದ ಭಾನುವಾರವೆಲ್ಲ ಅಲ್ಲೇ.

ಅವರ ಬಳಿ ಇದ್ದದ್ದು ಅರವತ್ತರ ದಶಕದ ಒಂದೇ ಇಂಗ್ಲಿಷ್ ಬ್ಯಾಂಡಿನ ಪ್ಲೇಟುಗಳು. ನಾಲ್ಕು ಜನ ಹುಡುಗರ ಬ್ಯಾಂಡು. ಜಗತ್ತೆಲ್ಲ ಅವರ ಹಿಂದೆ ಹುಚ್ಚಾಗಿದ್ದ ಕಾಲದಲ್ಲಿ ಡಾಕ್ಟರು ಬೆಂಗಳೂರಿನಲ್ಲಿ ಓದುತ್ತಿದ್ದರಂತೆ. ತಾವೂ ಮೂವರು ಗೆಳೆಯರನ್ನು ಸೇರಿಸಿಕೊಂಡು, ಅವರಂತೆಯೇ ಹಣೆ ಮುಚ್ಚುವ ಕೂದಲು ಬಿಟ್ಟು, ಕಾಲೇಜಿನಲ್ಲಿ ಗಿಟಾರು ನುಡಿಸುತ್ತಿದ್ದರಂತೆ. ಅವರ ಬ್ಯಾಂಡಿನ ಗಾಯಕ ಮುಂದೆ ಅವರ ಭಾವಮೈದುನನೇ ಆದ. ಅಂದರೆ ಡಾಕ್ಟರ ಹೆಂಡತಿಯ ಅಣ್ಣ. ಡಾಕ್ಟರ ಹೆಂಡತಿಯನ್ನು ನಾವು ಅಮ್ಮಾವ್ರು ಅನ್ನುತ್ತಿದ್ದೆವು. ಮಿಡ್ಲ್ ಸ್ಕೂಲಿನಲ್ಲಿ ಟೀಚರಾಗಿದ್ದರು. ಅಣ್ಣನಿಗೂ ಗಂಡನಿಗೂ ಮಾತಿಲ್ಲ ಅನ್ನುವುದು ನಮಗೆ ಗೊತ್ತಿತ್ತು. ಯಾಕೆ ಅನ್ನುವುದು ಗೊತ್ತಿರಲಿಲ್ಲ.

ಒಂದು ಬದಿ ಪ್ಲೇಟು ಮುಗಿಯುವಷ್ಟರಲ್ಲಿ ಗಂಡ ಹೆಂಡತಿಗೆ ವಾದ ಹತ್ತಿಕೊಳ್ಳುತ್ತಿತ್ತು. ಆ ಬ್ಯಾಂಡು ಒಡೆದು ಹೋಗಿ ಮೂವತ್ತು ವರ್ಷವಾಗುತ್ತಾ ಬಂದಿದ್ದರೂ ಇವರ ಮನೆಯಲ್ಲಿ ಅದು ನಿನ್ನೆ ಮೊನ್ನೆ ನಡೆದಂತಿತ್ತು.

“ಅಹಂಕಾರ ಕಣ್ರಯ್ಯ, ಬರೀ ಅಹಂಕಾರ” ಅನ್ನುತ್ತಿದ್ದರು ಡಾಕ್ಟರು. “ಪ್ರಪಂಚಾನೇ ಕುಣಿಸಿದೋರು ಒಬ್ಬರ ಮುಖ ಒಬ್ಬರು ನೋಡ್ದಂಗಾದ್ರು. ಇನ್ನೂ ಹತ್ತು ವರ್ಷ ಹಾಡ್ಬೇಕಿತ್ತು. ಅರ್ಧಕ್ಕೇ ಎದ್ದೋದೋರನ್ನ ದೊಡ್ಡೋರು ಅಂತ ನಾನು ಒಪ್ಪಲ್ಲ.”

ಅಮ್ಮಾವ್ರು ಮೊರದ ತುಂಬ ನೆನೆಸಿದ ಅವರೆಕಾಳು ಇಟ್ಟುಕೊಂಡು ಹಿದುಕುತ್ತಾ ಅಡುಗೆಮನೆ ಹೊಸಿಲಲ್ಲಿ ಕೂತಿರುತ್ತಿದ್ದರು. ತಲೆ ಎತ್ತದೆಯೇ ಉತ್ತರ ಬರುತ್ತಿತ್ತು. “ಅಲ್ಲಾರೀ, ಉಂಡೋರು ಎಲೆ ಬಿಟ್ಟು ಏಳಲೇಬೇಕು. ಮುಪ್ಪಾಗೋವರೆಗೂ ಕೆಮ್ಕೊಂಡು ಹಾಡಿದ್ರೆ ನೀವೇ ಮೊದಲು ಪ್ಲೇಟು ನಿಲ್ಲಿಸ್ತಿದ್ರಿ. ಮಾತು ಬಿಟ್ಟಿದ್ರೂ ಒಟ್ಟಿಗೆ ಕೂತು ಕೊನೇ ಪ್ಲೇಟು ಎಷ್ಟು ಚೆಂದ ಮಾಡಿ ಎದ್ದವ್ರೆ ನೋಡಿ. ಅದು ದೊಡ್ಡತನ.”

ಡಾಕ್ಟರಿಗೆ ಮೊದಮೊದಲ ಹಾಡುಗಳು ಪ್ರಾಣ. ಅಮ್ಮಾವ್ರಿಗೆ ಕೊನೆಯವು. ನಮ್ಮ ಮಾದೇಶನಿಗೆ ಯಾವುದೂ ಬೇಡ. “ಪದ ಅಂದ್ರೆ ಅರ್ಥ ಆಗ್ಬೇಕು ಸಾ. ಇದು ಎಮ್ಮೆ ಮುಂದೆ ಕಿನ್ನರಿ ಬಾರಿಸ್ದಂಗೆ. ಎಮ್ಮೆ ನಾವೇ ಬುಡಿ” ಅನ್ನುತ್ತಿದ್ದ. ಡಾಕ್ಟರು ನಕ್ಕು ಪ್ಲೇಟು ತಿರುವಿ ಹಾಕುತ್ತಿದ್ದರು. ಅವನ ಗಂಟಲನ್ನು ಅವರಷ್ಟು ಮೆಚ್ಚಿದವರು ಯಾರೂ ಇರಲಿಲ್ಲ.

ಎರಡನೆಯ ವರ್ಷದ ಗೌರಿ ಹಬ್ಬಕ್ಕೆ ಇನ್ನು ಹದಿನೈದು ದಿನವಿತ್ತು. ಸಾಲಿಗ್ರಾಮದ ಗಣಪತಿ ಕಾರ್ಯಕ್ರಮ ನಮಗೆ ಸಿಕ್ಕಿತ್ತು. ಅಲ್ಲಿಯವರೆಗೆ ಅಷ್ಟು ದೊಡ್ಡ ವೇದಿಕೆ ನಾವು ಹತ್ತಿರಲಿಲ್ಲ. ಆ ಹೊತ್ತಿಗೆ ಮೈಸೂರಿನ ಒಂದು ದೊಡ್ಡ ಆರ್ಕೆಸ್ಟ್ರಾದವರು ಮಾದೇಶನನ್ನು ಕರೆದರು. ಅವನು ಹೋಗುತ್ತೇನೆ ಅಂದ. ಅವನಿಲ್ಲದೆ ನಮ್ಮದು ಆರ್ಕೆಸ್ಟ್ರಾನೇ ಅಲ್ಲ. ಮೂವರಿಗೂ ಹೊಟ್ಟೆ ಉರಿದುಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಕೈ ಕೈ ಮಿಲಾಯಿಸುವ ತನಕ ಹೋಯಿತು. “ನೀನಿಲ್ದಿದ್ರೆ ಸಾಲಿಗ್ರಾಮಾನೂ ಬೇಡ, ಏನೂ ಬೇಡ. ಇವತ್ತಿಗೇ ಮುಗೀತು ಕಣ್ಲಾ” ಎಂದು ನಾನೇ ಕೂಗಿದೆ. ಅವನು ನನ್ನ ಕೊರಳಪಟ್ಟಿ ಬಿಟ್ಟು, “ಡಾಕ್ಟ್ರು ಏನಂತಾರೆ ಕೇಳವಾ ನಡೀ” ಅಂದ. ನನಗೆ ಖುಷಿಯೇ ಆಯಿತು. ಡಾಕ್ಟರು ಏನನ್ನುತ್ತಾರೆ ಅನ್ನುವುದು ನನಗೆ ಬಾಯಿಪಾಠವಾಗಿತ್ತಲ್ಲ!

ನಾಲ್ವರೂ ಹೋಗಿ ನಿಂತೆವು. ನಾನು ಎಲ್ಲ ಹೇಳಿದೆ. ನಿರೀಕ್ಷಿಸಿದಂತೆಯೇ ಡಾಕ್ಟರು ಕೆಂಪಾದರು.

“ಅದೇ ರೋಗ! ಒಬ್ಬನಿಗೆ ಚಪ್ಪಾಳೆ ಜಾಸ್ತಿ ಬಿದ್ದ ತಕ್ಷಣ ಮಿಕ್ಕೋರು ಕಾಣಿಸಲ್ಲ. ಆ ನಾಲ್ವರೂ ಹಾಳಾಗಿದ್ದು ಹಿಂಗೇ. ನಮ್ದೂ ಹಿಂಗೇ...”

“ನಿಮ್ದು ಹಿಂಗಲ್ಲ” ಎಂದರು ಅಮ್ಮಾವ್ರು.

ಅವರು ಕೈಕೆಲಸ ಬಿಟ್ಟು ಎದ್ದು ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ದನಿ ಎತ್ತರಿಸಲಿಲ್ಲ. “ನಿಮ್ಮ ಬ್ಯಾಂಡು ಬಿಟ್ಟೋಗಿದ್ದು ನಮ್ಮಣ್ಣ ಅಲ್ಲ, ನೀವು. ಕೆಲಸದ ಆರ್ಡರ್ ಬಂತು ಅಂತ ಒಂದು ಮಾತೂ ಹೇಳ್ದೆ ಗಿಟಾರ್ ತಗೊಂಡು ಊರಿಗೆ ಬಂದ್ರಿ. ಅವನು ಕಾಲೇಜ್ ಹಾಲ್‌ನಲ್ಲಿ ಜನ ಕೂರಿಸ್ಕೊಂಡು ನಿಮಗಾಗಿ ಕಾಯ್ತಿದ್ದ. ಕೆಲಸಕ್ಕೆ ಹೋಗಿದ್ದು ತಪ್ಪು ಅಂತ ನಾನು ಅನ್ನಲ್ಲ. ಹೇಳ್ದೆ ಹೋದ್ರಲ್ಲ, ಅದು ತಪ್ಪು. ಇಷ್ಟು ವರ್ಷ ಆ ಇಂಗ್ಲಿಷ್‌ನೋರನ್ನ ಬೈದ್ಕೊಂಡು ಕೂತಿದ್ದೀರಿ. ಈ ಹುಡುಗ ನಿಮ್ಮ ಹಾಗಲ್ಲ. ಮುಂದೆ ನಿಂತು ಕೇಳ್ತಾ ಅವ್ನೆ.”

ನಾನು ನೆಲ ನೋಡುತ್ತಾ ನಿಂತೆ. ಡಾಕ್ಟರು ಎದ್ದು ಹೋಗಿ ರೆಕಾರ್ಡ್ ಪ್ಲೇಯರಿನ ಮುಚ್ಚಳ ಮುಚ್ಚಿದರು. ಸಿಟ್ಟು ಬಂದು ನಮ್ಮನ್ನೆಲ್ಲ ಹೊರಗೆ ಕಳಿಸುತ್ತಾರೆ ಎಂದುಕೊಂಡೆ. ಆಮೇಲೆ ಅವರು ಮಾದೇಶನ ಕಡೆ ತಿರುಗಿದರು.

“ಹೋಗಪ್ಪ. ಆದರೆ ಸಾಲಿಗ್ರಾಮ ಮುಗಿಸಿ ಹೋಗು. ನೀವು ಮೂವರೂ ಅಷ್ಟೇ, ಜಗಳದಲ್ಲಿ ನಿಲ್ಲಿಸ್ಬೇಡಿ, ಹಾಡಿ ನಿಲ್ಲಿಸಿ.” ಇಷ್ಟು ಹೇಳಿ ಹೆಂಡತಿಯನ್ನು ನೋಡಿದರು. “ನಿಮ್ಮಣ್ಣನ ವಿಳಾಸ ಕೊಡು, ಒಂದು ಕಾಗದ ಬರೀತೀನಿ.”

ಸಾಲಿಗ್ರಾಮಕ್ಕೆ ಡಾಕ್ಟರೂ ಬಂದರು, ಗಿಟಾರು ಹೊತ್ತುಕೊಂಡು. ಒಂದು ಹಾಡಿಗೆ ಮಾತ್ರ ವೇದಿಕೆ ಹತ್ತುತ್ತೇನೆ ಎಂದು ಅವರೇ ಕೇಳಿದ್ದರು. ಸಂಜೆ ಇನ್ನೂ ಬೆಳಕಿತ್ತು. ಗದ್ದೆ ಕೆಲಸ ಮುಗಿಸಿ ಬಂದ ಜನ ಹುಲ್ಲಿನ ಮೇಲೆ ಕೂತಿದ್ದರು. ಡಾಕ್ಟರು ಆ ಬ್ಯಾಂಡಿನ ಒಂದು ಹಳೆಯ ಹಾಡು ಎತ್ತಿಕೊಂಡರು. ಬೆರಳು ಎರಡು ಕಡೆ ಜಾರಿತು. ಎರಡನೇ ಚರಣ ಮರೆತು ಮೊದಲನೆಯದನ್ನೇ ಇನ್ನೊಮ್ಮೆ ಹಾಡಿದರು. ಆಗ ಪಕ್ಕದಿಂದ ಇನ್ನೊಂದು ದನಿ ಸೇರಿತು. ಮಾದೇಶ! ಅಮ್ಮಾವ್ರ ಕೈಲಿ ಇಡೀ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆಸಿಕೊಂಡು, ಯಾರಿಗೂ ಹೇಳದೆ ಕಲಿತಿದ್ದ. ಅರ್ಥವಾಗದ ಪದಗಳನ್ನು ಅವನು ಎಷ್ಟು ಗಟ್ಟಿಯಾಗಿ, ಎಷ್ಟು ನಂಬಿ ಹಾಡಿದನೆಂದರೆ ಡಾಕ್ಟರು ಹಾಡುವುದು ನಿಲ್ಲಿಸಿ ಬರೀ ನುಡಿಸಿದರು. ನನ್ನ ಕಣ್ಣು ಮಂಜಾಗಿ ಕೀಬೋರ್ಡಿನ ಕೀಗಳೇ ಸರಿಯಾಗಿ ಕಾಣಲಿಲ್ಲ.

ಅರ್ಧ ಜನ ಕಡಲೆಕಾಯಿ ತರಲು ಎದ್ದು ಹೋದದ್ದೂ ನಿಜವೇ. ಮುಂದೆ ಕೂತಿದ್ದ ಹಿರಿಯರೊಬ್ಬರು ಮಾತ್ರ ಕೂಗಿ ಹೇಳಿದರು, “ಒಂದಕ್ಸರ ತಿಳೀನಿಲ್ಲ ಕಣ್ರಪ್ಪ. ಆದ್ರೂ ಸಂದಾಗದೆ, ಇನ್ನೊಂದ್ ಕಿತ ಆಡಿ!”

ಮಾದೇಶ ಮೈಸೂರಿಗೆ ಹೋದ. ಹೋಗುವಾಗ ಮೂವರೂ ಬಸ್ಸಿನವರೆಗೆ ಬಿಟ್ಟುಬಂದೆವು. ಆರ್ಕೆಸ್ಟ್ರಾ ನಿಂತಿತು, ಸ್ನೇಹ ನಿಲ್ಲಲಿಲ್ಲ. ಇವತ್ತಿಗೂ ನಾಲ್ವರ ಮನೆಯ ಯಾವ ಕೆಲಸವೂ ನಾಲ್ವರಿಲ್ಲದೆ ನಡೆಯುವುದಿಲ್ಲ. ಈ ಮಾತನ್ನು ನಾನು ಎದೆ ತಟ್ಟಿ ಹೇಳಬಲ್ಲೆ.

ಡಾಕ್ಟರಿಗೆ ಕೆ.ಆರ್. ನಗರಕ್ಕೆ ವರ್ಗವಾಯಿತು. ಒಂದೆರಡು ವರ್ಷದ ಮೇಲೆ ಅಲ್ಲಿನ ಸಂತೆಯಲ್ಲಿ ಸಿಕ್ಕರು. ಭಾವಮೈದುನರಿಂದ ಕಾಗದಕ್ಕೆ ಉತ್ತರ ಬಂತೇ ಎಂದು ಕೇಳಿದೆ. “ಬರ್ಲಿಲ್ಲ. ಎಂಟು ತಿಂಗಳು ಕಾದು ನಾನೇ ಹೋದೆ. ಸಂಗೀತದ ಮಾತೇ ಬರ್ಲಿಲ್ಲ ಕಣಯ್ಯ. ಇಬ್ಬರಿಗೂ ಸಕ್ಕರೆ ಕಾಯಿಲೆ, ಅದರ ವಿಷ್ಯ ಮಾತಾಡಿದ್ವಿ. ಊಟ ಹಾಕ್ದ. ಸಾಕು” ಎಂದು ನಕ್ಕರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಆಮೇಲೆ ಹೆಂಡತಿ, ಮಕ್ಕಳು, ಅಂಗಡಿ ಅಂತ ನನ್ನ ಬದುಕಿನಲ್ಲಿ ಮುಳುಗಿಹೋದೆ. ಅವರು ಮೈಸೂರಿನಲ್ಲಿ ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಹೋಗಿ ಮುಖ ತೋರಿಸಲೂ ನಾಚಿಕೆಯಾಗಿ ಇಷ್ಟು ದಿನ ಸುಮ್ಮನಿದ್ದೆ.

ಪೇಂಟರು ಕೆಲಸ ಮುಗಿಸಿದ ಮರುದಿನವೇ ಬಸ್ಸು ಹತ್ತಿದೆ. ಅಮ್ಮಾವ್ರು ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಗುರುತು ಹಿಡಿದರು, ಕೈ ಹಿಡಿದುಕೊಂಡು ಕೂರಿಸಿಕೊಂಡರು. ಈಗ ನಾನೂ ಆ ಹಾಡುಗಳನ್ನೆಲ್ಲ ಫೋನಿನಲ್ಲಿ ಕೇಳುತ್ತೇನೆ, ನನ್ನ ಲೆಕ್ಕದಲ್ಲಿ ಡಾಕ್ಟರು ಹೇಳುತ್ತಿದ್ದ ಮೊದಲಿನವೂ ಅಲ್ಲ, ನೀವು ಹೇಳುತ್ತಿದ್ದ ಕೊನೆಯವೂ ಅಲ್ಲ, ನಡುವಿನವೇ ಚೆನ್ನ ಎಂದೆ. ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಅವರು ಮುಗುಳ್ನಕ್ಕು ಕಿಟಕಿಯ ಕಡೆ ನೋಡಿದರು.

“ಈ ಮನೇಲಿ ಎಲ್ಲರೂ ಒಳ್ಳೇವ್ರು ಕಣಪ್ಪ” ಎಂದರು. “ನಾನು ಏನು ಹೇಳಿದ್ರೂ ಹೂಂ ಅಂತಾರೆ, ಜಗಳಕ್ಕೆ ಒಬ್ರೂ ಬರಲ್ಲ.”