ರಾಮಾ ಹಸಿರಿನ ಒಂದು ತುಂಡು

ಹೋದ ವಾರ ಬೀರು ಒರೆಸುವಾಗ ಹಳೇ ಸೀರೆಯ ಮಡಿಕೆಯಿಂದ ಅಂಗೈಯಗಲದ ಬಟ್ಟೆ ತುಂಡೊಂದು ಜಾರಿ ಬಿತ್ತು. ನುಸಿಗುಳಿಗೆಯ ವಾಸನೆ ಹೊತ್ತ ರಾಮಾ ಹಸಿರು. ಇತ್ತ ನೀಲಿಯೂ ಅಲ್ಲ, ಅತ್ತ ಹಸಿರೂ ಅಲ್ಲ. ಕೆಲಸ ಬಿಟ್ಟು ನೆಲದ ಮೇಲೇ ಕೂತುಬಿಟ್ಟೆ. ಮ್ಯಾಚಿಂಗ್ ಅಂಕಲ್ ಕೊಟ್ಟ ತುಂಡು ಅದು...

ತುಮಕೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗೇ ಅವರ ಮ್ಯಾಚಿಂಗ್ ಸೆಂಟರ್ ಇತ್ತು. ಸೀರೆಗೆ ಒಪ್ಪುವ ರವಿಕೆ ಬಟ್ಟೆ, ಫಾಲ್ಸು, ಲೈನಿಂಗು. ಗಿರಾಕಿಯನ್ನು ರಸ್ತೆಗೆ ಕರೆದೊಯ್ದು, ಬಿಸಿಲಿನಲ್ಲಿ ಸೀರೆಯ ಪಕ್ಕ ಬಟ್ಟೆ ಹಿಡಿದು ತೋರಿಸದೆ ಅವರು ಕತ್ತರಿ ಮುಟ್ಟಿದವರಲ್ಲ. "ಅಂಗಡಿ ಬೆಳಕು ಸುಳ್ಳು ಹೇಳ್ತೈತೆ ಕಣಮ್ಮ" ಅನ್ನುತ್ತಿದ್ದರು. ಎಷ್ಟೋ ಸಲ ಬಂದ ಗಿರಾಕಿ ಬಿಸಿಲಲ್ಲಿ ನೋಡಿ, ಬೇಡವೆಂದು ಹಾಗೇ ಹೊರಟುಹೋಗುತ್ತಿದ್ದಳು. ಅವರಿಗೆ ಅದರ ಚಿಂತೆಯೇ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಕುಣಿಗಲ್ಲಿನ ಕಾಲೇಜೊಂದರಲ್ಲಿ ಅರೆಕಾಲಿಕವಾಗಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆ. ಹವಳಕ್ಕೆ ಜೀವ ಇದೆ ಅಂದರೆ ಹುಡುಗಿಯರು ಕಿಸಕ್ಕನೆ ನಕ್ಕರು. ಅವರ ಪಾಲಿಗೆ ಅದು ಉಂಗುರದ ಕಲ್ಲು. ನನಗೂ ರೋಷ ಬಂತು. "ತಿಂಗಳೊಳಗೆ ತೋರಿಸ್ತೀನಿ" ಎಂದು ಮಾತು ಕೊಟ್ಟುಬಿಟ್ಟೆ!

ಬೆಂಗಳೂರಿನ ಮೀನಿನಂಗಡಿಯಿಂದ ನಾಣ್ಯದಗಲದ ಮೆದು ಹವಳವನ್ನೂ ಅದರ ನೀರಿಗೆ ಹಾಕುವ ಉಪ್ಪನ್ನೂ ತಂದೆ. ಹತ್ತು ಲೀಟರು ಹಿಡಿಯುವ ಪುಟ್ಟ ಗಾಜಿನ ತೊಟ್ಟಿಯಲ್ಲಿಟ್ಟೆ. ಹವಳದ ಮೈಯೊಳಗಿನ ಪಾಚಿ ಬೆಳಕಿನಿಂದಲೇ ಅದಕ್ಕೆ ಊಟ ಮಾಡಿಕೊಡಬೇಕು. ಆದರೆ ಅಂಗಡಿಯವನು ಹೇಳಿದ ಲೈಟಿಗೆ ನನ್ನ ತಿಂಗಳ ಸಂಬಳ ಸಾಲದು. ಸಮುದ್ರದೊಳಗಿನ ಬೆಳಕು ನೀಲಿ ತಾನೇ ಎಂದು ಮಲಗುವ ಕೋಣೆಗೆ ಹಾಕುವ ನೀಲಿ ಜೀರೋ ಬಲ್ಬು ತಂದು ಉರಿಸಿದೆ. ನನ್ನ ಬುದ್ಧಿಗಿಷ್ಟು! ವಾರ ಕಳೆಯುವುದರೊಳಗೆ ಹವಳ ಬಿಳುಚಿಕೊಂಡು ಮುದುಡಿತು. ತಲೆ ಮೇಲೆ ಕೈ ಹೊತ್ತು ಕೂತೆ.

ಶುಕ್ರವಾರದ ನಮಾಜು ಮುಗಿಸಿ ಬಂದ ಅಂಕಲ್ ನನ್ನ ಸಪ್ಪೆ ಮುಖ ನೋಡಿ ವಿಚಾರಿಸಿದರು. ಮೇಲೆ ಬಂದು ಬಲ್ಬು ನೋಡಿ ನಕ್ಕೇ ನಕ್ಕರು.

"ಗಾಜಿಗೆ ಬಣ್ಣ ಬಳ್ದವ್ರೆ ಕಣಮ್ಮ. ಇರೋ ಬೆಳಕ್ನೂ ಅದೇ ನುಂಗ್ತೈತೆ."

ನೇರಳೆ, ನೀಲಿ, ಹಸಿರು ಬಣ್ಣದ ಮೂರು ತುಂಡು ಬಟ್ಟೆ ಹಿಡಿದು ನನ್ನನ್ನು ಎಲೆಕ್ಟ್ರಿಕಲ್ ಅಂಗಡಿಗೆ ಕರೆದೊಯ್ದರು. ಇದ್ದಬದ್ದ ಸಿ.ಎಫ್.ಎಲ್. ಬಲ್ಬನ್ನೆಲ್ಲ ಉರಿಸಿ ತೋರಿಸಲು ಹೇಳಿದರು. ಒಂದೊಂದರ ಕೆಳಗೂ ಬಟ್ಟೆ ಹಿಡಿಯುವುದು, ಓಡಿ ಹೋಗಿ ಬಿಸಿಲಲ್ಲಿ ನೋಡುವುದು, ಮತ್ತೆ ಒಳಗೆ ಬರುವುದು. ಅಂಗಡಿಯವನು "ಬಲ್ಬ್ ತಗೊಳಕ್ ಬಂದಿದೀರೋ, ಹೆಣ್ ನೋಡಕ್ ಬಂದಿದೀರೋ?" ಎಂದು ಗೊಣಗಿದ. ಅಂಕಲ್ ಕಿವಿಗೇ ಹಾಕಿಕೊಳ್ಳಲಿಲ್ಲ. ಮೂರು ಬಣ್ಣವೂ ಬಿಸಿಲಿನಲ್ಲಿ ಕಂಡಂತೆಯೇ ಕಂಡ ಒಂದು ಬಿಳಿ ಬಲ್ಬನ್ನು ಆರಿಸಿ, ಅಂಥವೇ ಎರಡು ಕೊಡಿಸಿದರು. ಎಣ್ಣೆ ಡಬ್ಬ ಸೀಳಿ, ಹೊಳೆಯುವ ಮೈ ಒಳಗೆ ಬರುವಂತೆ ಬಗ್ಗಿಸಿ ಬಲ್ಬುಗಳ ಮೇಲಿಡುವ ಮುಚ್ಚಳವನ್ನೂ ಮಾಡಿದರು.

ನಾನು ಆತುರಗೇಡಿ. ದಿನವಿಡೀ ಉರಿಸಲು ಹೊರಟೆ. ಅವರು ಕೈ ತಡೆದರು. "ಬಣ್ಣದ್ ಬಟ್ಟೇನ ಒಂದೇ ಸಲ ಉರಿಬಿಸಿಲಿಗೆ ಹಾಕ್ತಾರಾ? ಇದು ಮೊದ್ಲೇ ಮಂಕಾಗೈತೆ ಪಾಪ. ಎರಡ್ ಗಂಟೆಯಿಂದ ಶುರು ಮಾಡು." ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿದೆವು. ಇಪ್ಪತ್ತನೆಯ ದಿನಕ್ಕೆ ಹವಳ ಅರಳಿತು! ನಾನು ಮೆಟ್ಟಿಲ ಮೇಲಿಂದಲೇ ಕೂಗಿಕೊಂಡೆ.

ತೊಟ್ಟಿಯನ್ನು ಬಸ್ಸಿನಲ್ಲಿ ಒಯ್ಯುವಂತಿರಲಿಲ್ಲ. ಹುಡುಗಿಯರೇ ತುಮಕೂರಿಗೆ ಬಂದರು. ಅಂಕಲ್ ತಮ್ಮ ಗಲ್ಲಾ ಪಕ್ಕದಲ್ಲೇ ತೊಟ್ಟಿ ಇಡಿಸಿ, ಅರ್ಧ ದಿನ ವ್ಯಾಪಾರ ನಿಲ್ಲಿಸಿದರು. ಅತಿ ಹೆಚ್ಚು ನಕ್ಕಿದ್ದ ಹುಡುಗಿಯೇ ಗಾಜಿಗೆ ಮೂಗು ಒತ್ತಿಕೊಂಡು, "ಮಿಸ್, ಅಲ್ಲಾಡ್ತೈತೆ!" ಅಂದಳು. ಬಣ್ಣ ಯಾವುದೆಂದು ಜಗಳ ಎದ್ದಾಗ ಅಂಕಲ್ ರಾಮಾ ಹಸಿರು ಬಟ್ಟೆಯ ಥಾನು ಎಳೆದು ಗಾಜಿನ ಪಕ್ಕ ಹಿಡಿದರು. ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಒಂದು ತುಂಡು ಕತ್ತರಿಸಿ ನನ್ನ ಕೈಗಿಟ್ಟರು. ಅವರಂಥ ಮೇಷ್ಟ್ರನ್ನು ನಾನು ಯಾವ ಕಾಲೇಜಿನಲ್ಲೂ ಕಂಡಿಲ್ಲ.

ಆಮೇಲೆ ನನಗೆ ಗುಬ್ಬಿಯಲ್ಲಿ ಕೆಲಸ ಸಿಕ್ಕಿತು, ಮನೆ ಬದಲಾಯಿತು. ಸಾಗಿಸುವಾಗ ನೀರು ಕೆಟ್ಟು ಹವಳ ಸತ್ತಿತು. ಅವರಿಗೆ ಹೇಳುವ ಧೈರ್ಯವಾಗದೆ ವರ್ಷಗಟ್ಟಲೆ ಅತ್ತ ತಲೆ ಹಾಕಲಿಲ್ಲ. ಕೊನೆಗೆ ಹೋದಾಗ ಶುಗರ್‌ನಿಂದ ಅವರ ಕಣ್ಣೇ ಹೋಗಿತ್ತು. ದನಿಯಿಂದಲೇ ಗುರುತು ಹಿಡಿದರು.

"ನಿನ್ ಹವಳ ಹೆಂಗೈತಮ್ಮ? ಬಣ್ಣ ಹಂಗೇ ಐತಾ?"

"ಹಂಗೇ ಇದೆ ಅಂಕಲ್" ಅಂದೆ. ಅವರ ಮುಖ ಅರಳಿತು... ಆ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಜೀವನವಿಡೀ ಒಬ್ಬ ಗಿರಾಕಿಗೂ ಬಣ್ಣದಲ್ಲಿ ಮೋಸ ಮಾಡದ ಮನುಷ್ಯನಿಗೆ, ಕಣ್ಣು ಕಾಣದ ಹೊತ್ತಿನಲ್ಲಿ ಸುಳ್ಳು ಹೇಳಿ ಬಂದವಳು ನಾನು. ಹೋದ ವಾರ ಆ ತುಂಡು ಹಿಡಿದು ಬಾಗಿಲಾಚೆ ಬಿಸಿಲಿಗೆ ಹೋದೆ. ಮಡಿಕೆಯ ಗೆರೆಯುದ್ದಕ್ಕೂ ಬಣ್ಣ ಮಾಸಿತ್ತು. ಅಲ್ಲೇ ನಿಂತು, "ಹವಳ ಮನೆ ಬದಲಾಯಿಸಿದಾಗಲೇ ಸತ್ತುಹೋಗಿತ್ತು ಅಂಕಲ್" ಎಂದು ಗಟ್ಟಿಯಾಗಿ ಹೇಳಿದೆ.