ಬಳೆಯ ನಡುವಿನ ಉಂಗುರ

ಸುರಪುರದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಒಂದೇ ಹುದ್ದೆ ಖಾಲಿಯಿತ್ತು. ನಾನು ಮತ್ತು ನನ್ನ ಗೆಳತಿ ಶಹಾಪುರದಿಂದ ಒಂದೇ ಬಸ್ಸು ಹತ್ತಿ ಸಂದರ್ಶನಕ್ಕೆ ಹೊರಟೆವು. ಅವಳು ಬಳಿಚಕ್ರ ಎಂಬ ಹಳ್ಳಿಯ ಕುರಿ ಸಾಕುವ ಮನೆಯವಳು, ಎಂ.ಎಸ್ಸಿ.ಯಲ್ಲಿ ನನ್ನ ಜೊತೆಗೆ ಓದಿದವಳು. ಮಾದರಿ ಪಾಠಕ್ಕೆ ಇಬ್ಬರಿಗೂ ಒಂದೇ ವಿಷಯ ಕೊಟ್ಟಿದ್ದರು: ಮ್ಯೂಚುವಲ್ ಇಂಡಕ್ಟನ್ಸ್. ಒಂದು ತಂತಿಯ ಸುರುಳಿಯಲ್ಲಿ ಕರೆಂಟು ಬದಲಾದರೆ ಹತ್ತಿರದ ಇನ್ನೊಂದರಲ್ಲಿ ಎಷ್ಟು ವೋಲ್ಟೇಜು ಹುಟ್ಟುತ್ತದೆ ಎಂಬ ಲೆಕ್ಕ ಅದು.

ದೊಡ್ಡ ಸುರುಳಿಯ ನಡುವೆ ಸಣ್ಣದೊಂದು ಇಟ್ಟು, ಸಣ್ಣದರಲ್ಲಿ ಕರೆಂಟು ಹರಿಸಿ ಲೆಕ್ಕ ಮಾಡಹೋಗಿ ನಾನು ಸಿಕ್ಕಿಕೊಂಡಿದ್ದೆ. ಬಸ್ಸಿನಲ್ಲಿ ಅವಳು ಕೈಬಳೆ ಬಿಚ್ಚಿ ಬ್ಯಾಗಿನ ಮೇಲಿಟ್ಟು, ನಡುವೆ ತನ್ನ ಉಂಗುರ ಇಟ್ಟಳು.

"ಸಣ್ಣದರಾಗ ಬಿಟ್ಟು ಯಾಕ ಒದ್ದಾಡ್ತಿ? ಕರೆಂಟ್ ದೊಡ್ಡದರಾಗ ಬಿಡು. ಉಂಗುರದ ತುಂಬ ಫೀಲ್ಡ್ ಹೆಚ್ಚೂಕಡಿಮಿ ಒಂದೇ ಇರ್ತದ. ಉಂಗುರದ ಏರಿಯಾಕ್ಕ ಗುಣಿಸಿ ಕರೆಂಟ್‌ಲೆ ಭಾಗಿಸು. ಯಾವ ಕಡಿಯಿಂದ ಮಾಡಿದ್ರೂ ಉತ್ತರ ಅದೇ. ನೀನೂ ಹಿಂಗೇ ಹೇಳು, ಹುಡುಗರಿಗಿ ತಿಳೀತದ."

ಮೊದಲು ನನ್ನನ್ನು ಕರೆದರು. ನನ್ನ ಬಳೆ, ಉಂಗುರ ಮೇಜಿನ ಮೇಲಿಟ್ಟು ಹಾಗೆಯೇ ಹೇಳಿದೆ. ಸಮಿತಿಯ ಹಿರಿಯರೊಬ್ಬರು ಬಹಳ ಮೆಚ್ಚಿದರು. ಇದು ನನ್ನದಲ್ಲ, ಹೊರಗೆ ಕುಳಿತ ಗೆಳತಿ ಬಸ್ಸಿನಲ್ಲಿ ಕಲಿಸಿದ್ದು ಎಂದೆ. ಅವರು ನಕ್ಕು, ನನ್ನ ವಿನಯವನ್ನೂ ಹೊಗಳಿದರು.

ಆಮೇಲೆ ಅವಳು ಒಳಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಅವಳು ಬಳೆ ಬಿಚ್ಚುತ್ತಿದ್ದಂತೆ ಅದೇ ಹಿರಿಯರ ದನಿ ಕೇಳಿಸಿತು.

"ಹೊರಗ ನಿಂತು ನೋಡಿ ಬಂದೀರೇನ್ರಿ?"

ಅವಳು ಬಳೆಯನ್ನು ಮತ್ತೆ ಕೈಗೆ ಏರಿಸಿಕೊಂಡು, ಬೋರ್ಡಿನ ಮೇಲೆ ಬರೀ ಸೂತ್ರ ಬರೆದು ಪಾಠ ಮುಗಿಸಿದಳು. ನಾನು ಎದ್ದು ಬಾಗಿಲ ತನಕ ಹೋದೆ. ಜವಾನ ತಡೆದ.

ಹುದ್ದೆ ನನಗೇ ಬಂತು. ಪ್ರಾಂಶುಪಾಲರನ್ನು ಕಂಡು ನಡೆದದ್ದನ್ನೆಲ್ಲ ಮತ್ತೆ ಹೇಳಿದೆ. ಸಮಿತಿಯ ತೀರ್ಮಾನ ಆಗಿಹೋಗಿದೆ, ನಾನು ಒಲ್ಲೆನೆಂದರೆ ಮುಂದಿನ ಹೆಸರು ಬೇರೆ ಯಾರದೋ ಇದೆ ಎಂದರು ಅವರು. ನಾನು ಸೇರುವುದಿಲ್ಲ ಎಂದು ಗೆಳತಿಗೆ ಹೇಳಿದಾಗ ಅವಳಿಗೆ ಸಿಟ್ಟು ಬಂತು.

"ನೀ ಬಿಟ್ಟರ ನನಗ ಕೊಡ್ತಾರೇನು? ಸುಮ್ಮ ಹೋಗಿ ಸೇರು. ನನ್ನ ಹೆಸರಿನ ಮ್ಯಾಲ ದೊಡ್ಡಾಕಿ ಆಗಬ್ಯಾಡ."

ಸೇರಿದೆ. ಅವಳೀಗ ಯಾದಗಿರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ವಾರಕ್ಕೊಮ್ಮೆ ನಾನು ಫೋನ್ ಮಾಡಿದಾಗ ನಗುನಗುತ್ತಲೇ ಮಾತಾಡುತ್ತಾಳೆ, ಆ ದಿನದ ಮಾತು ಎತ್ತುವುದಿಲ್ಲ. ಪ್ರತಿ ವರ್ಷ ಈ ಪಾಠ ಬಂದಾಗ, ಇದನ್ನು ನನಗೆ ಕಲಿಸಿದಾಕೆ ಬೇರೆ ಇದ್ದಾಳೆ ಎಂದು ಮಕ್ಕಳಿಗೆ ಹೇಳುತ್ತೇನೆ. ಅವರು ತಲೆಯಾಡಿಸಿ ಸೂತ್ರವಷ್ಟೇ ಬರೆದುಕೊಳ್ಳುತ್ತಾರೆ. ಆ ವಾರ ಮಾತ್ರ ನಾನು ಅವಳಿಗೆ ಫೋನ್ ಮಾಡುವುದಿಲ್ಲ. ಮಾಡಿದರೆ, ಏನು ಪಾಠ ನಡೆದಿದೆ ಎಂದು ಅವಳು ಕೇಳೇ ಕೇಳುತ್ತಾಳೆ.